ಸದ್ದಿಲ್ಲದ ಕಾರು

ಎಲ್ಲ ಶುರುವಾದದ್ದು ಪೆಟ್ರೋಲ್ ಬಂಕಿನಲ್ಲಿ. ರೇಸ್ ಮಾಸ್ಟರ್ ತನ್ನ ಕೆಂಪು ಕಾರಿಗೆ ಪೆಟ್ರೋಲ್ ಹಾಕಿಸುತ್ತ ನಿಂತಿದ್ದಾಗ ಪಕ್ಕದ ಸಾಲಿನಲ್ಲಿ ಇನ್ನೊಂದು ಕೆಂಪು ಕಾರು ಬಂದು ನಿಂತಿತು. ಅದೇ ಕಂಪನಿ, ಅದೇ ಬಣ್ಣ. ಅಷ್ಟಾದರೆ ಸಹಿಸಿಕೊಳ್ಳಬಹುದಿತ್ತು. ಹಿಂದೆ ಅದೇ ರೆಕ್ಕೆ, ಅದೇ ಅಗಲದ ಚಕ್ರ, ಬಾನೆಟ್ಟಿನ ಮೇಲೆ ಅದೇ ಎರಡು ಬಿಳಿ ಪಟ್ಟಿ. ಕೊನೆಗೆ ಸೈಲೆನ್ಸರಿನ ಗುಡುಗು ಕೂಡ ಅದೇ ಶ್ರುತಿಯದು. ಒಳಗಿದ್ದವನು ಮಾಸ್ಟರನ್ನು ನೋಡಿ, ಒಂದೇ ಮನೆಯ ಇಬ್ಬರು ಅಳಿಯಂದಿರು ಎದುರಾದಾಗ ನಗುವ ಹಾಗೆ ನಕ್ಕ.

ಮಾಸ್ಟರಿಗೆ ನಗು ಬರಲಿಲ್ಲ.

ಅವನು ವೃತ್ತಿಯಿಂದ ದರ್ಜಿ. ಹೊಸದು ಹೊಲಿಯುವವನಲ್ಲ, ಆಲ್ಟರೇಶನ್ ಮಾಡುವವನು. ಅಂಗಡಿಯಲ್ಲಿ ಕೊಂಡ ಪ್ಯಾಂಟಿನ ಉದ್ದ ಕತ್ತರಿಸುವುದು, ತೆಳ್ಳಗಾದವರ ಕೋಟು ಹಿಡಿಯುವುದು, ದಪ್ಪಗಾದವರ ಸೊಂಟ ಬಿಡುವುದು. ಈ ಕೆಲಸದ ಸಂಕಟವೆಂದರೆ, ಚೆನ್ನಾಗಿ ಮಾಡಿದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಇಪ್ಪತ್ತೈದು ವರ್ಷ ಕಾಣದ ಹೊಲಿಗೆಯನ್ನೇ ಹಾಕಿದವನಿಗೆ, ನಾಲ್ಕು ಜನರಿಗೆ ಕಾಣುವಂಥ ಕೆಲಸವೆಂದರೆ ಆ ಕಾರೊಂದೇ. ಸೀಟಿನ ಕವರನ್ನು ತಾನೇ ಹೊಲಿದು ಕೆಂಪು ದಾರದಲ್ಲಿ ಅಂಚು ಕಟ್ಟಿದ್ದ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬೀದಿಯ ಕಿಟಕಿ ಗಾಜುಗಳೆಲ್ಲ ತಾಳ ಹಾಕುತ್ತಿದ್ದವು. ಜನ ಬೈದುಕೊಂಡೇ ತಿರುಗಿ ನೋಡುತ್ತಿದ್ದರು. ಬೈಗುಳವೂ ಒಂದು ಬಗೆಯ ಗಮನವೇ ತಾನೇ? ರೇಸ್ ಮಾಸ್ಟರ್ ಎಂಬ ಹೆಸರು ಬಂದದ್ದೂ ಹಾಗೆಯೇ.

ಆದರೆ ಬಂಕಿನಿಂದ ಬಂದಂದಿನಿಂದ ಒಂದೇ ಯೋಚನೆ ಅವನ ತಲೆ ಕೊರೆಯತೊಡಗಿತು. ನಾನು ಬದಲಾಯಿಸಿದ್ದನ್ನು ಇನ್ನೊಬ್ಬನೂ ಬದಲಾಯಿಸಬಹುದು. ಹಾಗಾದರೆ ಇದರಲ್ಲಿ ನನ್ನದು ಅನ್ನುವುದು ಯಾವುದು?

ಅದೇ ಸಮಯಕ್ಕೆ ನಿವೃತ್ತ ಗ್ರಂಥಪಾಲಕಿಯೊಬ್ಬರು ತೀರಿಹೋದ ತಮ್ಮ ಅಣ್ಣನ ಕೋಟನ್ನು ತಂದು, "ನನ್ನ ಅಳತೆಗೆ ಮಾಡ್ಕೊಡಿ" ಎಂದರು. ಕೋಟು ತಲುಪಿಸಲು ಮಾಸ್ಟರ್ ಅವರ ಮನೆಗೆ ಹೋದಾಗ ಶೆಡ್ಡಿನಲ್ಲಿ ಬಟ್ಟೆ ಹೊದ್ದುಕೊಂಡು ಮಲಗಿತ್ತು, ಬೂದಿ ಬಣ್ಣದ ಎರಡು ಬಾಗಿಲಿನ ಪುಟ್ಟ ಸ್ಪೋರ್ಟ್ಸ್ ಕಾರು.

"ಇದು ತಯಾರಾಗಿದ್ದೇ ಎರಡು ವರ್ಷ. ಆಮೇಲೆ ಕಂಪನೀನೇ ಮುಚ್ಚೋಯ್ತು" ಎಂದರು ಅವರು. "ದೇಶದಲ್ಲೆಲ್ಲ ಈಗ ಓಡ್ತಿರೋದು ಹನ್ನೊಂದೇ ಅಂತೆ. ಅಣ್ಣ ಪಟ್ಟಿ ಮಾಡಿಟ್ಟಿದ್ದ."

ಹನ್ನೊಂದು! ಮಾಸ್ಟರನ ಎದೆ ಹೊಲಿಗೆ ಯಂತ್ರದ ಸೂಜಿಯ ಹಾಗೆ ಹೊಡೆದುಕೊಂಡಿತು. ನನಗೆ ಕೊಡ್ತೀರಾ ಎಂದು ಕೇಳಿಯೇಬಿಟ್ಟ.

"ಕೊಡ್ತೀನಿ. ಆದ್ರೆ ಒಂದು ಮಾತು. ಇದರಲ್ಲಿ ಏನೂ ಬದಲಾಯಿಸಬಾರದು. ಲೈಬ್ರರಿ ಪುಸ್ತಕ ಅಂದ್ಕೊಳ್ಳಿ. ಗೀಚೋ ಹಾಗಿಲ್ಲ, ಮಡಿಚೋ ಹಾಗಿಲ್ಲ."

ಮಾಸ್ಟರ್ ಒಪ್ಪಿದ. ಕೆಂಪು ಕಾರನ್ನು ದೂರದ ಊರಿನ ದಲ್ಲಾಳಿಯೊಬ್ಬ ಒಯ್ದ. ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ, ಹೊಸದಾಗಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಾಸ್ಟರ್ ಬೂದಿ ಬಣ್ಣದ ಕಾರಿನಲ್ಲಿ ತನ್ನ ಬೀದಿಗೆ ತಿರುಗಿದ.

ಯಾರೂ ತಲೆ ಎತ್ತಲಿಲ್ಲ.

ಕಾರಿಗೆ ಸದ್ದೇ ಇರಲಿಲ್ಲ. ಅಂಗಡಿ ಮುಂದೆ ನಿಲ್ಲಿಸಿ ಇಳಿದಾಗ ಎದುರಿನ ಸಲೂನಿನವನು ಗಿರಾಕಿಯ ಗಲ್ಲಕ್ಕೆ ಸೋಪಿನ ನೊರೆ ಬಳಿಯುತ್ತಿದ್ದ. ಕುಂಚ ಹಿಡಿದುಕೊಂಡೇ ಹೊರಗೆ ಬಂದ.

"ಏನ್ ಮಾಸ್ಟ್ರೇ, ಗಾಡಿ ರಿಪೇರಿಗೆ ಬಿಟ್ರಾ? ಇದ್ಯಾರದು, ಗ್ಯಾರೇಜಿನವರು ಕೊಟ್ಟಿದ್ದಾ?"

"ಇದು ನಂದೇ ಕಣಯ್ಯ. ಅದನ್ನ ಕೊಟ್ಟು ಇದನ್ನ ತಗೊಂಡೆ."

ಸಲೂನಿನವನು ಕಾರನ್ನು ನೋಡಿದ, ಮಾಸ್ಟರನ್ನು ನೋಡಿದ, ಮತ್ತೆ ಕಾರನ್ನು ನೋಡಿದ. ಅವನ ಮುಖದಲ್ಲಿ ಮೆಲ್ಲಗೆ ಒಂದು ಕರುಣೆ ಮೂಡಿತು.

"ಹೋಗ್ಲಿ ಬಿಡಿ. ಏನೋ ಕಾರಣ ಇರುತ್ತೆ."

"ಕಾರಣ ಏನಪ್ಪಾ? ಇದು ಅಪರೂಪದ ಕಾರು. ಹನ್ನೊಂದೇ ಇರೋದು!"

"ಬೇರೆಯವರೆಲ್ಲ ಗುಜರಿಗೆ ಹಾಕಿರ್ತಾರೆ" ಎಂದು ಸಮಾಧಾನದ ದನಿಯಲ್ಲಿ ಹೇಳಿ ಅವನು ಒಳಗೆ ಹೋದ.

ಒಳಗೆ ಕುಳಿತಿದ್ದ ಗಿರಾಕಿ ಮೂಲೆಯ ಔಷಧಿ ಅಂಗಡಿಯವರು. ಬೀದಿಯಲ್ಲಿ ಯಾರಿಗೆ ಯಾವ ಕಾಯಿಲೆ ಎಂಬುದು ಕಾಯಿಲೆಯವರಿಗಿಂತ ಮೊದಲು ಗೊತ್ತಾಗುತ್ತಿದ್ದದ್ದು ಅವರಿಗೆ. ಅರ್ಧ ಬೋಳಿಸಿದ ಮುಖದಲ್ಲೇ ಅವರು ತೀರ್ಪು ಕೊಟ್ಟರು.

"ಹಾರ್ಟು. ಡಾಕ್ಟ್ರು ಸ್ಪೀಡು, ಸದ್ದು ಎಲ್ಲ ಬಿಡಿ ಅಂದಿರ್ತಾರೆ. ಇಲ್ದಿದ್ರೆ ಯಾರಾದ್ರೂ ಆ ಕಾರು ಕೊಟ್ಟು ಈ ಡಬ್ಬಾ ತರ್ತಾರಾ?"

ಹನ್ನೊಂದು ಗಂಟೆಗೆ ನಿವೃತ್ತ ಡ್ರಿಲ್ ಮೇಷ್ಟ್ರು ಅಂಗಡಿಗೆ ಬಂದರು.

"ನನ್ನ ಪ್ಯಾಂಟು ಆಗಿದೆಯೇನಪ್ಪಾ?"

"ನಾಳಿದ್ದು ಅಂದಿದ್ನಲ್ಲ ಸಾರ್? ಒಂದು ಕಾಲು ಮಾತ್ರ ಆಗಿದೆ."

"ಪರವಾಗಿಲ್ಲ, ಹಾಗೇ ಕೊಡು. ಇನ್ನೊಂದು ಕಾಲು ಮಡಿಚ್ಕೊಳ್ತೀನಿ. ನೀನು ಜೋಪಾನ." ಅವರು ಮಾಸ್ಟರನ ಭುಜ ತಟ್ಟಿ, ಕಣ್ಣು ತಪ್ಪಿಸಿ, ಒಂದು ಕಾಲು ಗಿಡ್ಡ ಒಂದು ಕಾಲು ಉದ್ದದ ಪ್ಯಾಂಟು ಹಿಡಿದು ನಡೆದರು.

ಅವರ ಹಿಂದೆಯೇ ಸಾಲು ಶುರುವಾಯಿತು. ಒಬ್ಬರಿಗೆ ಬ್ಲೌಸು, ಒಬ್ಬರಿಗೆ ಕೋಟು, ಮತ್ತೊಬ್ಬರಿಗೆ ಪರದೆ. ಬಿಗಿ ಮಾಡಲೆಂದು ಬಿಚ್ಚಿಟ್ಟಿದ್ದ ಅಂಗಿಯನ್ನೂ ತೋಳು ಬೇರೆ ಮೈ ಬೇರೆಯಾಗಿ ಕಾಗದದಲ್ಲಿ ಸುತ್ತಿಸಿಕೊಂಡು ಹೋದರು. ಯಾರೂ ಕಾರಣ ಹೇಳಲಿಲ್ಲ. ಎಲ್ಲರೂ "ರೆಸ್ಟ್ ತಗೊಳ್ಳಿ" ಎಂದರು. ಮಧ್ಯಾಹ್ನದ ಹೊತ್ತಿಗೆ ಗೋಡೆಯ ಮೊಳೆಗಳೆಲ್ಲ ಖಾಲಿಯಾದವು. ಮಾಸ್ಟರ್ ಬರಿಯ ಗೋಡೆಯನ್ನು ನೋಡುತ್ತ ಕುಳಿತ.

ಆಗ ಅವನಿಗೆ ಒಂದು ವಿಚಿತ್ರ ಅನ್ನಿಸಿತು. ಕೆಂಪು ಕಾರಿನ ಬಗ್ಗೆ ಅವನು ಯಾರಿಗೂ ಏನೂ ವಿವರಿಸಬೇಕಾಗಿರಲಿಲ್ಲ. ಅದು ತಾನೇ ಕೂಗಿ ಹೇಳಿಕೊಳ್ಳುತ್ತಿತ್ತು. ಈ ಕಾರು ಏನೂ ಹೇಳುವುದಿಲ್ಲ. ಇದರ ಬೆಲೆ ತಿಳಿದವರಿಗಷ್ಟೇ ತಿಳಿದೀತು. ತಿಳಿದವರು ಎಲ್ಲಿದ್ದಾರೆ? ಉಳಿದ ಹತ್ತು ಕಾರುಗಳ ಯಜಮಾನರೂ ಎಲ್ಲೋ ಹೀಗೆಯೇ ಒಬ್ಬೊಬ್ಬರೇ ಕುಳಿತಿರಬಹುದೇ?

ಯೋಚನೆ ಮುಗಿಯುವ ಮೊದಲೇ ಹೆಂಡತಿ ಓಡಿಬಂದಳು. ಸೆರಗಿನಿಂದ ಕಣ್ಣೊರೆಸುತ್ತಿದ್ದಳು.

"ರೀ, ನನಗೊಂದು ಮಾತು ಹೇಳ್ಬಾರ್ದಿತ್ತಾ? ಬೀದಿಗೆಲ್ಲ ಗೊತ್ತು, ಕಟ್ಕೊಂಡೋಳಿಗೆ ಗೊತ್ತಿಲ್ಲ! ಊರಿಂದ ಅಕ್ಕ ಫೋನ್ ಮಾಡಿ ಎಷ್ಟು ಬ್ಲಾಕ್ ಅಂತ ಕೇಳ್ತಾಳೆ!"

"ಬ್ಲಾಕ್? ಯಾವ ಬ್ಲಾಕ್?"

"ಹಾರ್ಟಲ್ಲಿ!"

ಬಾಗಿಲಲ್ಲಿ ಸಲೂನಿನವನೂ ಔಷಧಿ ಅಂಗಡಿಯವರೂ ತಲೆ ತಗ್ಗಿಸಿ ನಿಂತಿದ್ದರು. ಮಾಸ್ಟರಿಗೆ ಬೆಳಗಿನಿಂದ ನಡೆದದ್ದೆಲ್ಲ ಒಮ್ಮೆಗೇ ಅರ್ಥವಾಯಿತು.

"ಬನ್ನಿ ಎಲ್ಲ ಹೊರಗೆ! ಇದು ಎಂಥ ಕಾರು ಅಂತ ತೋರಿಸ್ತೀನಿ!" ಅವನು ಧಡಧಡ ಇಳಿದು, ಕಾರಿನಲ್ಲಿ ಕುಳಿತು ಕೀಲಿ ತಿರುಗಿಸಿದ. ಎಂಜಿನ್ ಬೆಕ್ಕು ನಿದ್ದೆಯಲ್ಲಿ ಉಸಿರಾಡುವಷ್ಟು ಮೆತ್ತಗೆ ಎದ್ದಿತು.

"ಕೇಳಿಸ್ತಾ?"

"ಪಾಪ, ಸ್ಟಾರ್ಟೇ ಆಗ್ಲಿಲ್ಲ" ಎಂದ ಸಲೂನಿನವನು.

"ಆಗಿದೆ ಕಣೋ! ಆಗಿದೆ!" ಮಾಸ್ಟರ್ ಕೂಗಿದ. "ಇದರ ಸ್ಪೆಷಾಲಿಟಿನೇ ಅದು! ಹನ್ನೊಂದೇ ಇರೋದು! ನನಗೆ ಏನೂ ಆಗಿಲ್ಲ! ನನ್ನ ಹಾರ್ಟು ಗಟ್ಟಿಯಾಗಿದೆ!" ಕೂಗುತ್ತ ಕೂಗುತ್ತ ಕುತ್ತಿಗೆಯ ನರ ಉಬ್ಬಿತು, ಮುಖ ಕೆಂಪಾಯಿತು, ಹಣೆಯಿಂದ ಬೆವರಿಳಿಯಿತು.

"ನೋಡಿದ್ರಾ?" ಎಂದರು ಔಷಧಿ ಅಂಗಡಿಯವರು ಮೆಲ್ಲಗೆ. "ಬೆವರು. ನಾನು ಹೇಳ್ಲಿಲ್ವಾ?"

ಹೆಂಡತಿ ಪಕ್ಕದ ಸೀಟಿನಲ್ಲಿ ಹತ್ತಿ ಕುಳಿತಳು. "ನಡೀರಿ ಡಾಕ್ಟ್ರ ಹತ್ರ. ಏನೂ ಇಲ್ಲ ಅಂತ ಅವರ ಬಾಯಲ್ಲೇ ಕೇಳಿದ ಮೇಲೇ ನಾನು ಮನೆಗೆ ಬರೋದು."

ಡಾಕ್ಟರ ಕ್ಲಿನಿಕ್ಕು ಮೂರು ಬೀದಿ ಆಚೆ. ಮಾಸ್ಟರ್ ಬಾಗಿಲ ಮುಂದೆಯೇ ಕಾರು ನಿಲ್ಲಿಸಿ ಒಳಗೆ ಹೋದ. ಡಾಕ್ಟರು ಎದೆಯ ಮೇಲೆ ಸ್ಟೆತಾಸ್ಕೋಪಿಟ್ಟು, ದೊಡ್ಡದಾಗಿ ಉಸಿರು ತಗೊಳ್ಳಿ ಎಂದು ಕಿಟಕಿಯತ್ತ ನೋಡಿದರು. ಆಮೇಲೆ ಉಸಿರು ಬಿಡಿ ಅನ್ನುವುದನ್ನೇ ಮರೆತರು.

"ಹೊರಗಡೆ ನಿಂತಿರೋದು ಯಾರ ಕಾರು?"

ಮಾಸ್ಟರ್ ಉಸಿರು ಕಟ್ಟಿಕೊಂಡೇ ತನ್ನ ಎದೆ ಮುಟ್ಟಿ ತೋರಿಸಿದ.

"ನಿಮ್ದಾ! ಎರಡೇ ವರ್ಷ ಬಂದಿದ್ದು ಅಲ್ವಾ ಅದು? ಕಾಲೇಜಲ್ಲಿದ್ದಾಗ ಅದರ ಚಿತ್ರ ಗೋಡೆಗೆ ಅಂಟಿಸ್ಕೊಂಡಿದ್ದೆ ಕಣ್ರೀ!" ಡಾಕ್ಟರು ಸ್ಟೆತಾಸ್ಕೋಪನ್ನು ಕುತ್ತಿಗೆಗೆ ನೇತುಹಾಕಿಕೊಂಡು ಹೊರಗೆ ಓಡಿದರು. ಬಾಗಿಲ ಹಿಡಿಕೆ ಸವರಿದರು, ಬಗ್ಗಿ ಚಕ್ರ ನೋಡಿದರು. "ಎಲ್ಲ ಒರಿಜಿನಲ್! ಒಂದು ಸ್ಕ್ರೂ ಬದಲಾಗಿಲ್ಲ!"

ಮಾಸ್ಟರನ ಕಣ್ಣು ತುಂಬಿ ಬಂತು. ಇಡೀ ದಿನದಲ್ಲಿ ಒಬ್ಬನೇ ಒಬ್ಬ ಮನುಷ್ಯನಿಗೆ ಅದು ಕಾಣಿಸಿತ್ತು. ಒಬ್ಬರು ಸಾಕು ಎಂದೂ ಆ ಕ್ಷಣದಲ್ಲಿ ಅನ್ನಿಸಿತು. ನೂರು ಜನ ತಿರುಗಿ ನೋಡಿದಾಗಲೂ ಸಿಗದಿದ್ದ ತೃಪ್ತಿ ಅದು.

ಒಳಗೆ ಬಂದು ಡಾಕ್ಟರು ಬಿಪಿ ನೋಡಿದರು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ನೋಡಿದರು. ಆಮೇಲೆ ಗಂಭೀರರಾದರು.

"ಹಾರ್ಟು ಚೆನ್ನಾಗಿದೆ. ಆದ್ರೆ ಬಿಪಿ ಜಾಸ್ತಿನೇ ಇದೆ. ಮಾತ್ರೆ ಬರ್ಕೊಡ್ತೀನಿ. ಮೂರು ವಾರ ಸಿಟ್ಟು ಮಾಡ್ಕೊಳ್ಳೋ ಹಾಗಿಲ್ಲ, ಕೂಗಾಡೋ ಹಾಗಿಲ್ಲ, ಡ್ರೈವಿಂಗಂತೂ ಬೇಡವೇ ಬೇಡ."

"ಡಾಕ್ಟ್ರೇ, ಕಾರು ಇವತ್ತು ಬೆಳಿಗ್ಗೆ ತಾನೇ ತಂದಿದ್ದು!"

"ಅದಕ್ಕೇನು? ನಾನೇ ಓಡಿಸ್ಕೊಂಡು ಬಂದು ಮನೆಗೆ ಬಿಡ್ತೀನಿ" ಎಂದರು ಡಾಕ್ಟರು. ಅವರ ಕೈ ಆಗಲೇ ಕೀಲಿಗಾಗಿ ಚಾಚಿತ್ತು.

ಸಂಜೆ ಐದರ ಬಿಸಿಲಿನಲ್ಲಿ ಬೂದಿ ಬಣ್ಣದ ಕಾರು ಬೀದಿಗೆ ಬಂತು. ಹಿಂದಿನ ಇಕ್ಕಟ್ಟಿನಲ್ಲಿ ಹೆಂಡತಿ, ಮುಂದೆ ಮಾಸ್ಟರ್, ಸ್ಟೀರಿಂಗ್ ಹಿಂದೆ ಡಾಕ್ಟರು. ಒಂದೊಂದು ಗೇರನ್ನೂ ಸವಿಯುತ್ತ ಅವರು ಆಮೆಯಂತೆ ಓಡಿಸುತ್ತಿದ್ದರು.

ಈ ಸಲ ಎಲ್ಲರೂ ತಿರುಗಿ ನೋಡಿದರು. ಸಲೂನಿನವನು ಕತ್ತರಿ ಕೆಳಗಿಟ್ಟ. ಡ್ರಿಲ್ ಮೇಷ್ಟ್ರು ಎದ್ದು ನಿಂತರು.

"ಡಾಕ್ಟ್ರೇ ಕರ್ಕೊಂಡ್ ಬಂದ್ರು" ಎಂದರು ಔಷಧಿ ಅಂಗಡಿಯವರು, ದನಿ ಇಳಿಸಿ. "ಎಷ್ಟು ನಿಧಾನ ನೋಡಿ. ಪೇಷಂಟ್ ಅಲುಗಾಡಬಾರದು ಅಂತ."

ಮಾಸ್ಟರ್ ಮನೆಯ ಮುಂದೆ ಇಳಿದ. ಹಿಂದಿನಿಂದ ಹೆಂಡತಿಯೂ ಇಳಿದು ಬಾಗಿಲು ತೆಗೆಯಲು ಹೋದಳು. ಇಬ್ಬರು ಬಂದು ಅವನ ಎರಡೂ ತೋಳು ಹಿಡಿದುಕೊಂಡರು. ಡಾಕ್ಟರು ಮಾತ್ರ ಇಳಿಯಲಿಲ್ಲ. ಕಿಟಕಿಯಿಂದ ತಲೆ ಹಾಕಿದರು.

"ಮೂರು ವಾರ ಸುಮ್ನೆ ನಿಂತ್ರೆ ಇಂಥ ಗಾಡಿ ಹಾಳಾಗುತ್ತೆ. ದಿನಾ ಸ್ವಲ್ಪ ಓಡಿಸ್ಬೇಕು. ನನ್ನ ಹತ್ರಾನೇ ಇರ್ಲಿ. ಭಾನುವಾರ ಬೆಳಿಗ್ಗೆ ಬಂದು ನಿಮ್ಮನ್ನೂ ನೋಡ್ಕೊಂಡು ಹೋಗ್ತೀನಿ."

ಮಾಸ್ಟರ್ ಕೈ ಎತ್ತುವಷ್ಟರಲ್ಲಿ ಕಾರು ಮೂಲೆ ದಾಟಿತ್ತು. ಸದ್ದೇ ಇಲ್ಲದ್ದರಿಂದ ಅದು ಹೊರಟದ್ದೂ ಯಾರಿಗೂ ತಿಳಿಯಲಿಲ್ಲ.

ಕಾರು ನಿಂತಿದ್ದ ಖಾಲಿ ಜಾಗವನ್ನು ಎಲ್ಲರೂ ನೋಡಿದರು. ಆಮೇಲೆ ಔಷಧಿ ಅಂಗಡಿಯವರು ಸಲೂನಿನವನ ಕಿವಿಯತ್ತ ಬಾಗಿದರು. ಎಷ್ಟು ಮೆಲ್ಲಗೆ ಹೇಳಿದರೂ ಮಾಸ್ಟರಿಗೆ ಒಂದೊಂದು ಅಕ್ಷರವೂ ಕೇಳಿಸಿತು.

"ಆಪರೇಷನ್ನೇ ಇರ್ಬೇಕು. ಪಾಪ, ಫೀಸಿಗೆ ಅಂತ ಇದ್ದೊಂದು ಕಾರನ್ನೂ ಡಾಕ್ಟ್ರಿಗೆ ಕೊಟ್ಟುಬಿಟ್ರು."

ಮಾಸ್ಟರ್ ಕೂಗಲು ಬಾಯಿ ತೆರೆದ. ಹೆಂಡತಿ ಬಾಗಿಲಲ್ಲೇ ನಿಂತು ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಅವನು ಬಾಯಿ ಮುಚ್ಚಿಕೊಂಡು, ಹಿಡಿದವರ ಕೈಗಳ ಮೇಲೆಯೇ ಭಾರ ಬಿಟ್ಟು, ಮೆಲ್ಲನೆ ಮೆಟ್ಟಿಲು ಹತ್ತಿದ.