ಅರೆದ ಅರವತ್ತು

ಹರಿಹರನ ಮೂರ್ಛೆರೋಗದ ಮೂವತ್ತು ಮಿಲಿಗ್ರಾಮಿನ ಮಾತ್ರೆ ಔಷಧಿ ಅಂಗಡಿಯಲ್ಲಿ ಮುಗಿದಿತ್ತು. ಔಷಧಿ ತೂಕಕ್ಕೆ ಗ್ರೇನ್ ಎಂಬ ಹಳೇ ಲೆಕ್ಕ ಹೋಗಿ ಮಿಲಿಗ್ರಾಂ ಬಂದ ಹೊಸತು. ಕಂಪೌಂಡರ್ ಅರವತ್ತರದ್ದನ್ನೇ ಕಟ್ಟಿಕೊಟ್ಟು, “ಮಾತ್ತಿರೈ ಅರೈ” ಎಂದು ತಾಯಿ ಜಾನಕಮ್ಮನಿಗೆ ಹೇಳಿದ. ಆ ತಮಿಳು ಮಾತಿಗೆ ಅರ್ಧ ಎಂದೂ ಅರ್ಥ, ಅರೆಯುವುದು ಎಂದೂ ಅರ್ಥ. ಅರೆಯುವುದರಲ್ಲೇ ಆಯುಷ್ಯ ಸವೆಸಿದ ಜಾನಕಮ್ಮ ಇಡೀ ಮಾತ್ರೆಯನ್ನು ನುಣ್ಣಗೆ ಅರೆದು, ಜೇನಿನಲ್ಲಿ ಕಲಸಿ ಮಗನಿಗೆ ನೆಕ್ಕಿಸಿದರು.

“ಅಮ್ಮಾ, ಇನ್ನರ್ಧ ಎಲ್ಲಿಟ್ಟೆ?” ಎಂದ ಹರಿಹರ, ಪೊಟ್ಟಣದ ಮೇಲಿನ ‘ಅರವತ್ತು’ ನೋಡಿ.

“ಯಾವ ಅರ್ಧವೋ? ಅರೆ ಅಂದ, ಅರೆದೆ. ಎಲ್ಲಾ ನಿನ್ನ ಹೊಟ್ಟೇಲೇ ಇದೆ.”

ಹರಿಹರ ಕಂಪೌಂಡರನ ಬಳಿಗೆ ಓಡಿದ. “ಇವತ್ತು ತೂಕಡಿಕೆ ಬರುತ್ತೆ, ಅಷ್ಟೇ” ಎಂದ ಅವನು.

ಅವತ್ತೇ ಮೂರು ಗಂಟೆಗೆ ಟಿ. ನಗರದಲ್ಲಿ ಹೆಣ್ಣು ನೋಡುವುದಿತ್ತು! ಹರಿಹರನಿಗೆ ಕೊನೆಯ ಸಲ ಮೂರ್ಛೆ ಬಂದು ನಾಲ್ಕು ವರ್ಷವಾಗಿತ್ತು. ಆದರೂ ಆ ಹೆಸರು ಕೇಳಿಯೇ ಎರಡು ಸಂಬಂಧ ಮುರಿದಿದ್ದವು. ಈ ಸಲ ತಾಯಿ ಮಗ ಇಬ್ಬರೂ ಬಾಯಿಗೆ ಬೀಗ ಹಾಕಿದ್ದರು.

“ಏನೋ, ಕಣ್ಣು ಹೀಗೆ ಜೋಲ್ತಾ ಇದೆ?” ಎಂದರು ಪಕ್ಕದ ಮನೆ ಶಾರದಮ್ಮ.

“ನಿದ್ದೆ ಇಲ್ಲ, ಮಾಮಿ.”

“ಹೆಣ್ಣಿನ ಯೋಚನೆ! ಕವಲೈ ಬೇಡ, ಚಿಂತೆ ಬಿಡು, ನಾನೂ ಬರ್ತೀನಿ. ಪಕ್ಕದಲ್ಲೇ ಕೂತು ಚಿವುಟ್ತೀನಿ.”

ಮೂರು ಲೋಟ ಕಾಫಿಯೂ ಸೋತಿತು. ಟಿ. ನಗರದ ಮನೆಯಲ್ಲಿ ಹುಡುಗಿ ತುಂಗಾ ಕಾಂಭೋಜಿ ರಾಗ ಎತ್ತಿಕೊಂಡಳು. ಹರಿಹರನ ತಲೆ ಕೋಲೆಬಸವನಂತೆ ಆಡತೊಡಗಿತು. ಶಾರದಮ್ಮ ಚಿವುಟಿದಾಗಲೆಲ್ಲ “ಆ... ಹಾ!” ಎಂದು ಬೆಚ್ಚಿ ಏಳುತ್ತಿದ್ದ.

“ಎಂಥಾ ರಸಿಕರು!” ಎಂದರು ಹುಡುಗಿಯ ತಂದೆ ವಿಷ್ಣುತೀರ್ಥರು. “ಹುಡುಗಿ ಒಪ್ಪಿಗೆಯೋ?”

ತಲೆ ಮತ್ತೆ ಕೆಳಗೆ ಬಿತ್ತು. ಎಲ್ಲರಿಗೂ ಸಕ್ಕರೆ ಹಂಚಿದರು.

ಸಕ್ಕರೆಗೆ ಎಚ್ಚರಾದ ಹರಿಹರನಿಗೆ ಮನಸ್ಸು ಚುಚ್ಚಿತು. ಮೋಸ ಮಾಡಿ ಮದುವೆಯೇ? ತುಂಗಾಳನ್ನು ಜಗಲಿಗೆ ಕರೆದು ಮೂರ್ಛೆಯ ವಿಷಯ ಹೇಳಿಬಿಟ್ಟ.

“ಅಷ್ಟೇನಾ?” ಎಂದಳು ಅವಳು. “ನಮ್ಮಜ್ಜನಿಗೂ ಇತ್ತು. ಎಂಬತ್ತು ವರ್ಷ ಬದುಕಿದ್ರು.”

ಹರಿಹರನ ಎದೆ ಹಗುರಾಯಿತು. ಸಂತೋಷದಲ್ಲಿ ನಾಲಗೆಯೂ ಹಗುರಾಯಿತು. “ಇವತ್ತು ನೋಡಿ, ಅಮ್ಮ ತಪ್ಪಿ ಎರಡರಷ್ಟು ಕೊಟ್ಟುಬಿಟ್ರು. ಅದಕ್ಕೇ ತಲೆ ತೂಗ್ತಿದ್ದದ್ದು.”

ತುಂಗಾಳ ನಗು ನಿಂತಿತು. “ಮತ್ತೆ ಆ ‘ಆಹಾ’?”

“ಅದು ಮಾಮಿ ಚಿವುಟಿದ್ದು.”

ಅವಳು ಸರಕ್ಕನೆ ಒಳಗೆ ಹೋದಳು. “ಅಪ್ಪಾ, ಈ ಸಂಬಂಧ ಬೇಡ.”

“ಯಾಕಮ್ಮಾ? ಹುಡುಗನಿಗೆ ಏನಾದ್ರೂ ಕಾಯಿಲೆಯೋ?”

“ಕಾಯಿಲೆಗೆ ಔಷಧಿ ಇದೆಯಪ್ಪಾ. ನನ್ನ ಕಾಂಭೋಜಿಗೆ ನಿದ್ದೆ ಮಾಡಿದಾರೆ!”