ನಲವತ್ತೆಂಟು ಗಂಟೆಯ ನಟ

ನಮ್ಮ ಕಾಕಾ ಸಿನಿಮಾ ನಟರು. ಒಟ್ಟು ಮೂರು ಸೆಕೆಂಡು. ಅದರಲ್ಲಿ ಒಂದು ಸೆಕೆಂಡು ಬರೀ ಬೆನ್ನು. ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಚಿತ್ರೀಕರಣ ನಡೆದ ದಿನ, ಓಡಿಹೋಗುವ ನಾಯಕನ ಹಿಂದೆ ತಮ್ಮ ಅಂಗಡಿಯ ಈರುಳ್ಳಿ ತೂಗುತ್ತ ನಿಂತವರು ಇವರೇ. ಆ ಮೂರು ಸೆಕೆಂಡನ್ನು ಹೆಂಡತಿಗೆ, ಅಂದರೆ ನಮ್ಮ ಕಾಕೂಗೆ, ತೋರಿಸದೆ ಜನ್ಮ ಸಾರ್ಥಕವಾದೀತೇ?

ಸಿನಿಮಾವನ್ನು ಅವರ ಮೊಬೈಲಿಗೆ ಬಾಡಿಗೆಗೆ ಇಳಿಸಿಕೊಟ್ಟ ಪಾಪಿ ನಾನು. ಶರತ್ತು ಸರಳ: ತಿಂಗಳೊಳಗೆ ಯಾವಾಗ ಬೇಕಾದರೂ ನೋಡಿ, ಒಮ್ಮೆ ಶುರು ಮಾಡಿದಿರೋ, ನಲವತ್ತೆಂಟು ಗಂಟೆಗೆ ಫೈಲಿಗೆ ತಾನೇ ಬೀಗ ಬೀಳುತ್ತದೆ. ಅಷ್ಟರಲ್ಲಿ ಕಾಕೂವಿನ ಒಂದು ಕಣ್ಣಿನ ಪರದೆಗೆ ಆಪರೇಷನ್ ಆಯಿತು. ಹತ್ತು ದಿನ ತಲೆ ಎತ್ತದೆ ಬೋರಲು ಮಲಗಬೇಕು. ಎತ್ತಿದರೆ ಆ ಕಣ್ಣಿನ ಆಸೆ ಬಿಡಬೇಕು ಎಂದು ಡಾಕ್ಟರರು ಹೇಳಿದರು. ಸರಿ, ಕಾಯೋಣ ಎಂದಾಯಿತು. ಆದರೆ ಭಾನುವಾರ ಸಂಜೆ ನಾಲ್ಕಕ್ಕೆ ಕಾಕಾ, ಮಾಲು ಕೆಟ್ಟಿಲ್ಲವಷ್ಟೆ ಎಂದು ಪರೀಕ್ಷಿಸಲು, ಗುಂಡಿ ಒತ್ತಿಬಿಟ್ಟರು. ದಿನಾ ಈರುಳ್ಳಿ ಒತ್ತಿ ನೋಡುವ ಕೈ, ಸುಮ್ಮನಿದ್ದೀತೇ?

ಮತ್ತೆ ಬಾಡಿಗೆಗೆ ಪಡೆಯೋಣವೆಂದರೆ ಆ ಸಿನಿಮಾವನ್ನೇ ಆ್ಯಪಿನಿಂದ ಎತ್ತಿಬಿಟ್ಟಿದ್ದರು. ಕಾಕಾ ಕಂಪನಿಗೆ ಫೋನ್ ಹಚ್ಚಿ ಮರಾಠಿಯಲ್ಲಿ ವಾದಿಸಿ, ಸೋತು, ನನ್ನತ್ತ ತಿರುಗಿದರು.

"ಟೊಮ್ಯಾಟೋ ಸುದ್ದಾ ನಾಕು ದಿನ ತಾಳ್ತದ. ಇದೆಂಥಾ ಮಾಲು ಕೊಡಿಸಿದ್ಯೋ?"

ಸೋಮವಾರ ಅವರು ಮೊಬೈಲಿನ ತಾರೀಖು, ಗಂಟೆ ಎರಡನ್ನೂ ಹಿಂದಕ್ಕೆ ತಿರುಗಿಸಿದರು. ಆ್ಯಪು ಮೋಸಹೋಗಲಿಲ್ಲ, ಸಮಯ ಸರಿಪಡಿಸಿಕೊಳ್ಳಿ ಎಂದು ಗದರಿತು. ಮೋಸಹೋದದ್ದು ಅಲಾರಂ. ಕಾಕೂವಿನ ಕಣ್ಣಿಗೆ ಒಂದು ಹೊತ್ತಿನ ಹನಿ ತಪ್ಪಿತು. ಕಾಕಾ ಅಡುಗೆಮನೆಗೆ ನನ್ನನ್ನು ಕರೆದು ಪಿಸುಗುಟ್ಟಿದರು: "ಆಕಿ ಕಣ್ಣಿಗೇನರ ಆದ್ರ ನಾ ಏನ ಮಾಡ್ಲೋ?"

ಡಾಕ್ಟರರು ಫೋನಿಗೆ ಸಿಕ್ಕಿದ್ದು ಮಂಗಳವಾರ, ಮೂರೂ ಮುಕ್ಕಾಲಿಗೆ. ಒಂದು ಹನಿ ತಪ್ಪಿದ್ದಕ್ಕೆ ಗಾಬರಿ ಬೇಡವಂತೆ. ತಲೆ ತಗ್ಗಿಸಿಯೇ ಇದ್ದರೆ ಇನ್ನೊಂದು ಕಣ್ಣಿನಿಂದ ಏನು ಬೇಕಾದರೂ ನೋಡಬಹುದಂತೆ.

ಕಾಕೂ ಮಂಚದ ಅಂಚಿಗೆ ಮುಖ ತಂದರು. ಅರವತ್ತೆಂಟರ ಕಾಕಾ ಕೆಳಗೆ ನೆಲದ ಮೇಲೆ ಅಂಗಾತ ಮಲಗಿ, ಮೊಬೈಲನ್ನು ಎದೆಯ ಮೇಲಿಟ್ಟುಕೊಂಡರು. ನಾನು ಮಂಡಿಯೂರಿ ಆ ದೃಶ್ಯಕ್ಕೆ ಸರಿಸಿದೆ. ನಾಲ್ಕಕ್ಕೆ ಎರಡು ನಿಮಿಷವಿತ್ತು.

"ಈಗ ಬರ್ತದ. ನೋಡು, ನೋಡು."

ಬಂತು, ಹೋಯಿತು. ಮತ್ತೆ ಹಿಂದೆ ಸರಿಸಿದೆ. ಮತ್ತೊಮ್ಮೆ. ನಾಲ್ಕಾಯಿತು, ಮೊಬೈಲಿನ ಪರದೆ ಕಪ್ಪಾಯಿತು.

"ಕಂಡ್ನೇನು ನಾ?"

"ಆರು ದಿನ ಬರೀ ನೆಲಾ ನೋಡೀನ್ರಿ," ಎಂದರು ಕಾಕೂ. "ಸಿನಿಮಾ ಬಿಟ್ಟು ನಿಮ್ಮ ಮಾರೀನ ನೋಡ್ಕೋತ ಇದ್ದೆ. ಎಷ್ಟು ಸೊರಗೀರಿ. ಹೊತ್ತಿಗೆ ಸರಿಯಾಗಿ ಉಣ್ಣಾಕ್ಹತ್ತೀರಿಲ್ಲೋ?"

ನಾನು ಮೊಬೈಲ್ ಎತ್ತಿಕೊಂಡೆ. ಕಾಕಾ ಮಾತ್ರ ಏಳಲಿಲ್ಲ, ಮುಖ ಮೇಲೆ ಮಾಡಿಕೊಂಡೇ ಮಲಗಿದ್ದರು.