ನಮ್ಮವರ ಮೂಗಿನ ಜಾಗಕ್ಕೆ ನನ್ನದು

ಬೆಳಿಗ್ಗೆ ಮುಖ ತೊಳೆದ ಕೂಡಲೇ ದೇವರ ಮುಂದೆ ದೀಪ ಹಚ್ಚಿ ಹತ್ತು ನಿಮಿಷ ಕಣ್ಣು ಮುಚ್ಚಿ ಕೂರುವುದನ್ನು ನಾನು ಒಂದು ದಿನವೂ ತಪ್ಪಿಸಿದವಳಲ್ಲ. ಜ್ವರವಿರಲಿ, ನಲ್ಲಿ ಒಡೆದು ಮನೆಯೆಲ್ಲ ನೀರಾಗಿರಲಿ, ದೀಪ ಉರಿಯಲೇಬೇಕು. ಊದುಬತ್ತಿ ಮಾತ್ರ ಹಚ್ಚುವಂತಿಲ್ಲ. ಮದುವೆಯಾದ ಮರುದಿನವೇ ನಮ್ಮವರು ಕೈಮುಗಿದು ಕೇಳಿಕೊಂಡಿದ್ದರು: "ದೇವರು ಕ್ಷಮಿಸ್ತಾನೆ ಕಣೇ, ನನ್ನ ಮೂಗು ಕ್ಷಮಿಸಲ್ಲ."

ಆ ಮೂಗಿನ ಮೇಲೆಯೇ ನಮ್ಮ ಸಂಸಾರ ನಿಂತಿತ್ತು. ನಮ್ಮವರು ಒಂದು ದೊಡ್ಡ ವೈನ್ ಅಂಗಡಿಯಲ್ಲಿ ರುಚಿ ನೋಡುವವರು. ಮೂಸಿ, ಒಂದು ಗುಟುಕನ್ನು ಬಾಯಲ್ಲಿ ಹೊರಳಿಸಿ, ಉಗಿದು, ಯಾವ ಬಾಟಲಿ ಅಂಗಡಿಗೆ ಬರಬೇಕು, ಯಾವುದು ವಾಪಸ್ ಹೋಗಬೇಕು ಎಂದು ತೀರ್ಪು ಕೊಡುವ ಕೆಲಸ. ಆ ಘನ ಮೂಗಿನ ಸೇವೆಗಾಗಿ ನಮ್ಮ ಮನೆಯಲ್ಲಿ ಹದಿನೆಂಟು ವರ್ಷಗಳಿಂದ ಬೆಳ್ಳುಳ್ಳಿಯಿಲ್ಲ, ಪೌಡರಿಲ್ಲ, ವಾಸನೆಯ ಸೋಪಿಲ್ಲ, ಹೂವಿಲ್ಲ. ಒಮ್ಮೆ ಬಂದ ನಮ್ಮಕ್ಕ, "ಆಸ್ಪತ್ರೇನೂ ಇದಕ್ಕಿಂತ ಘಮಘಮ ಅನ್ನತ್ತೆ" ಎಂದು ಹೇಳಿ ಅದೇ ಸಂಜೆ ಹೊರಟುಬಿಟ್ಟಿದ್ದಳು.

ಅಂಥ ಮೂಗು ಒಂದು ಮಾಮೂಲಿ ಜ್ವರಕ್ಕೆ ಕೈಕೊಟ್ಟಿತು. ಜ್ವರ ಬಿಟ್ಟಿತು, ನೆಗಡಿಯೂ ಬಿಟ್ಟಿತು, ವಾಸನೆ ಮಾತ್ರ ಮರಳಲಿಲ್ಲ. "ಬರಬಹುದು, ಬರದೇನೂ ಇರಬಹುದು" ಎಂದು ಡಾಕ್ಟರು ಭವಿಷ್ಯ ನುಡಿದರು. ನಮ್ಮವರು ಲೇಬಲ್ ಓದಿಕೊಂಡು, ಗಿರಾಕಿಗಳ ಇಷ್ಟಾನಿಷ್ಟ ನೆನಪು ಮಾಡಿಕೊಂಡು ಹೇಗೋ ದಿನ ತಳ್ಳಿದರು. ಏಳನೇ ವಾರ ಫಿನಾಯಿಲ್ ಬಾಟಲಿಯ ಮುಚ್ಚಳ ತೆಗೆದು ಮೂಸಿದವರು ಬಚ್ಚಲಲ್ಲೇ ಕುಕ್ಕರಿಸಿದರು.

"ನೀರು ಮೂಸಿದ ಹಾಗಿದೆ ಕಣೇ. ಮುಗೀತು ನನ್ನ ಕಥೆ."

ಸರಿಯಾಗಿ ಆ ಹೊತ್ತಿಗೇ ಅಂಗಡಿಗೆ ಬಣ್ಣ ಹೊಡೆಯಲು ಶುರುಮಾಡಿದ್ದರು. ಅಂಗಡಿಯ ಒಡತಿ, ಎಲ್ಲರೂ ದೊಡ್ಡಮ್ಮ ಎಂದೇ ಕರೆಯುವ ಕೋಲಿನ ಅಜ್ಜಿ, ಫೋನ್ ಮಾಡಿದರು: "ಇಲ್ಲೆಲ್ಲ ಪೇಂಟ್ ವಾಸನೆ ಕಣಪ್ಪ. ಭಾನುವಾರ ಐದು ಬಾಟಲಿ ತಗೊಂಡು ನಿಮ್ಮನೆಗೇ ಬರ್ತೀನಿ. ಹೆಸರು ಮುಚ್ಚಿಟ್ಟು ತರ್ತೀನಿ. ನೀನು ಹೇಳಿದ ಹಾಗೆ ಈ ವರ್ಷದ ಪಟ್ಟಿ."

ಲೇಬಲ್ಲೂ ಇಲ್ಲ, ಮೂಗೂ ಇಲ್ಲ. ನಮ್ಮವರು ಊಟ ಬಿಟ್ಟರು. ನಾನು ಟೊಂಕ ಕಟ್ಟಿ ನಿಂತೆ.

"ನಿಮ್ಮ ಮೂಗು ಹೋದರೇನು, ನಂದಿಲ್ವಾ?"

ಜಂಬವಲ್ಲ. ಹದಿನೆಂಟು ವರ್ಷ ಊಟಕ್ಕೆ ಕೂತಾಗಲೆಲ್ಲ ಅವರು ದ್ರಾಕ್ಷಿ ಪುರಾಣ ಹೇಳಿದ್ದಾರೆ, ನಾನು ಹೂಂಗುಟ್ಟಿದ್ದೇನೆ. ಕ್ಯಾಬರ್ನೆ ಎಂದರೆ ಆಗತಾನೆ ಕೆತ್ತಿದ ಪೆನ್ಸಿಲ್. ಪೀನೋ ನ್ವಾರ್ ಎಂದರೆ ಮಳೆ ನಿಂತ ಮೇಲಿನ ಒದ್ದೆ ಎಲೆ. ಶಿರಾಜ್ ದ್ರಾಕ್ಷಿ ಬಿಸಿಲು ಸೀಮೆಯಲ್ಲಿ ಬೆಳೆದರೆ ಜಾಮ್, ತಂಪು ಬೆಟ್ಟದಲ್ಲಿ ಬೆಳೆದರೆ ಕರಿಮೆಣಸು. ಹಲ್ಲಿನ ಡಾಕ್ಟರಿಗೆ ಜಾಮೇ ಆಗಬೇಕು, ಬಟ್ಟೆ ಹೊಲಿಯುವವನಿಗೆ ಒದ್ದೆ ಎಲೆಯೇ ಆಗಬೇಕು, ದೊಡ್ಡಮ್ಮನಿಗೆ ಮೆಣಸಿಲ್ಲದಿದ್ದರೆ ಅದು ವೈನೇ ಅಲ್ಲ. ಒಂದು ಹನಿ ನಾಲಿಗೆಗೆ ತಾಗಿಸದೆ ನಾನು ಪಂಡಿತೆಯಾಗಿಬಿಟ್ಟಿದ್ದೆ. ದೇವರ ಹತ್ತಿರವೂ ವಿಷಯ ಎತ್ತಿದೆ: "ಕುಡಿಯಲ್ಲಪ್ಪ, ಮೂಸ್ತೀನಿ ಅಷ್ಟೇ." ದೇವರು ಏನೂ ಅನ್ನಲಿಲ್ಲ. ನಾನು ಅದನ್ನು ಒಪ್ಪಿಗೆ ಎಂದುಕೊಂಡೆ.

"ಅಡುಗೆಮನೇಲಿ ನಾನೇ ಗ್ಲಾಸಿಗೆ ಸುರೀತೀನಿ. ಮೂಸಿದಾಗ ಯಾವ ವಾಸನೆ ಬರತ್ತೋ ಆ ಸಾಮಾನನ್ನೇ ಗ್ಲಾಸಿನ ಜೊತೆ ತಂದು ಮೇಜಿನ ಮೇಲಿಡ್ತೀನಿ. ನೀವು ನೋಡಿ, ಮೂಸೋ ಹಾಗೆ ಮಾಡಿ, ಹೇಳಿಬಿಡಿ."

"ಬೇಡ ಕಣೇ. ಸಿಕ್ಕಿಹಾಕ್ಕೊಂಡ್ರೆ?"

"ನಾನಿದ್ದೀನಲ್ಲ."

ಭಾನುವಾರ ದೊಡ್ಡಮ್ಮ ಬಂದರು. ಲೇಬಲ್ ಕಾಣದಂತೆ ಐದು ಬಾಟಲಿಗಳಿಗೂ ಉದ್ದನೆಯ ಕಾಲುಚೀಲ ತೊಡಿಸಿದ್ದರು. ಮಂಡಿನೋವಿನವರು ಕುರ್ಚಿ ಬಿಟ್ಟು ಏಳಲಾರರು ಎಂಬುದೇ ನಮಗಿದ್ದ ಏಕೈಕ ಭಾಗ್ಯ.

ಮೊದಲ ಗ್ಲಾಸಿನ ಜೊತೆ ಪೆನ್ಸಿಲ್ ಇಟ್ಟೆ. ನಮ್ಮವರು ಗ್ಲಾಸನ್ನು ತಿರುಗಿಸಿ, ಸತ್ತ ಮೂಗನ್ನು ಒಳಗೆ ತೂರಿಸಿ, ಕಣ್ಣು ಮುಚ್ಚಿದರು. "ಕ್ಯಾಬರ್ನೆ. ಫ್ರಾನ್ಸಿನ ಬೋರ್ಡೊ ಕಡೆಯ ಶೈಲಿ."

"ಸರಿ. ಪೆನ್ಸಿಲ್ ಯಾಕಮ್ಮ?"

"ಬರ್ಕೊಳ್ಳೋಕೆ, ದೊಡ್ಡಮ್ಮ."

ಎರಡನೆಯದಕ್ಕೆ ಜಾಮ್ ಬಾಟಲಿ. "ಬಿಸಿಲು ಸೀಮೆಯ ಶಿರಾಜ್" ಎಂದರು ನಮ್ಮವರು.

"ಜಾಮ್ ಯಾಕಮ್ಮ?"

"ಬ್ರೆಡ್ಡಿಗೆ."

"ಬ್ರೆಡ್ಡೆಲ್ಲಿ?"

"ಮುಗಿದುಹೋಗಿದೆ."

ಮೂರನೆಯದಕ್ಕೆ ಬಾಲ್ಕನಿಯ ಕುಂಡಕ್ಕೆ ನೀರು ಚಿಮುಕಿಸಿ, ಗಿಡದ ಸಮೇತ ಹೊತ್ತು ತಂದೆ. ದೊಡ್ಡಮ್ಮ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡರು. "ಪೀನೋ ನ್ವಾರ್" ಎಂದಿತು ಗಿಡದ ಆಚೆಯಿಂದ ನಮ್ಮವರ ದನಿ. ನಾಲ್ಕನೆಯದಕ್ಕೆ ಮೆಣಸಿನ ಡಬ್ಬಿ. "ತಂಪು ಬೆಟ್ಟದ ಶಿರಾಜ್. ಇದು ನಿಮಗಾಗೇ ಹುಟ್ಟಿದ್ದು, ದೊಡ್ಡಮ್ಮ." ದೊಡ್ಡಮ್ಮನ ಮುಖ ಅರಳಿತು. ನಾನು ಅಡುಗೆಮನೆಯಲ್ಲಿ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಐದನೆಯದನ್ನು ಮೂಸಿದೆ. ಪುರಾಣದಲ್ಲಿ ಇಲ್ಲದ ವಾಸನೆ. ಕೆಟ್ಟ ಬಾಟಲಿಗಳ ಮಾತನ್ನು ನಮ್ಮವರು ಊಟದ ಹೊತ್ತಿನಲ್ಲಿ ಎತ್ತಿದವರೇ ಅಲ್ಲ. ಮೂರು ಸಲ ಮೂಸಿದರೂ ಒಂದೇ ಉತ್ತರ: ನೆನೆದ ರಟ್ಟು. ಸರಿ, ಕಂಡದ್ದನ್ನು ಕಂಡ ಹಾಗೆ ಹೇಳೋಣ ಎಂದು ಅಟ್ಟದ ಮೇಲಿದ್ದ ಷೂ ಡಬ್ಬಿಯನ್ನು ನಲ್ಲಿಯ ಕೆಳಗೆ ಹಿಡಿದು, ನೀರು ತೊಟ್ಟಿಕ್ಕುತ್ತಿದ್ದಂತೆಯೇ ತಂದು ಮೇಜಿನ ಮೇಲಿಟ್ಟೆ.

ನಮ್ಮವರು ಡಬ್ಬಿಯನ್ನು ನೋಡಿದರು. ಅದರ ಮೇಲೆ ಕಪ್ಪು ಷೂವಿನ ಚಿತ್ರವಿತ್ತು. ಅವರ ಕಣ್ಣಲ್ಲಿ ಬೆಳಕು ಮೂಡಿತು.

"ಆಹಾ, ಚರ್ಮ!" ಎಂದರು ನಮ್ಮವರು. "ಹಳೇ ಚರ್ಮದ ಪರಿಮಳ. ವರ್ಷಗಟ್ಟಲೆ ಮಾಗಿದ ಟೆಂಪ್ರನಿಯೊ ದ್ರಾಕ್ಷಿಯ ವೈನ್. ಕಣ್ಣು ಮುಚ್ಚಿಕೊಂಡು ಇನ್ನೂರು ಬಾಟಲಿ ತರಿಸಿ, ದೊಡ್ಡಮ್ಮ."

ದೊಡ್ಡಮ್ಮ ಗ್ಲಾಸನ್ನು ಎತ್ತಿ ಮೂಸಿ ಕೆಳಗಿಟ್ಟರು.

"ಬಿರಡೆ ಕೆಟ್ಟು ಹಾಳಾಗಿರೋ ಬಾಟಲಿ ಕಣಪ್ಪ ಇದು. ಬೇಕು ಅಂತಲೇ ತಂದೆ. ಒಂದು ವಾರದಿಂದ ಯಾಕೋ ಅನುಮಾನ ಇತ್ತು. ದಾರೀಲಿ ಹೋಗೋರಿಗೂ ಗೊತ್ತಾಗತ್ತೆ ಇದು, ಒದ್ದೆ ರಟ್ಟಿನ..."

ಮಾತು ಅಲ್ಲಿಗೇ ನಿಂತಿತು. ಡಬ್ಬಿಯ ನೀರು ಮೇಜಿನಂಚಿನಿಂದ ಅವರ ಚಪ್ಪಲಿಯ ಮೇಲೆ ತೊಟ್ಟಿಕ್ಕುತ್ತಿತ್ತು. ದೊಡ್ಡಮ್ಮ ಕೋಲಿನ ತುದಿಯಿಂದ ಒಂದೊಂದನ್ನೇ ಮುಟ್ಟುತ್ತ ಹೋದರು: ಪೆನ್ಸಿಲ್, ಜಾಮ್, ಕುಂಡ, ಮೆಣಸು, ಡಬ್ಬಿ. ಕೊನೆಗೆ ಕೋಲು ನನ್ನ ಕಡೆ ತಿರುಗಿತು.

ನಮ್ಮವರು ಮುಖ ಮುಚ್ಚಿಕೊಂಡರು. "ಮೂಗು ಹೋಗಿ ಏಳು ವಾರ ಆಯ್ತು, ದೊಡ್ಡಮ್ಮ."

"ಅವರು ಬೇಡ ಅಂದ್ರು. ತಪ್ಪು ನಂದೇ" ಎಂದೆ. ದೇವರು ಸುಮ್ಮನಿದ್ದುದು ಯಾಕೆಂದು ಆಗ ಅರ್ಥವಾಯಿತು.

ದೊಡ್ಡಮ್ಮ ಕೋಲನ್ನು ಕೆಳಗಿಳಿಸಿದರು.

"ಐದಕ್ಕೆ ಐದೂ ಸರಿ" ಎಂದರು ದೊಡ್ಡಮ್ಮ. "ಇವನದಲ್ಲ, ನಿಂದು. ಏನಪ್ಪ, ಯಾರಿಗೆ ಯಾವುದು ಹಿಡಿಸತ್ತೆ ಅಂತ ನಿನ್ನಷ್ಟು ಬಲ್ಲವರು ನಮ್ಮಲ್ಲಿ ಇನ್ಯಾರೂ ಇಲ್ಲ. ನಾಳೆಯಿಂದ ಗಿರಾಕಿಗಳ ಹತ್ತಿರ ನಿಲ್ಲು. ಮೂಸೋ ಕೆಲಸ ಇವಳದು."

"ನಾನು ಕುಡಿಯಲ್ಲ, ದೊಡ್ಡಮ್ಮ. ಬಾಯಿಗೂ ಹಾಕಲ್ಲ."

"ಬಾಯಿ ಯಾರಿಗೆ ಬೇಕಮ್ಮ? ಮೂಗು ಕಳಿಸು ಸಾಕು."

ಕೆಲಸ ಉಳಿಯಿತು. ಆದರೆ ನಮ್ಮವರು ಆ ಸಂಜೆಯೆಲ್ಲ ಖಾಲಿ ಗ್ಲಾಸನ್ನು ಮೂಸುತ್ತ ಕೂತಿದ್ದನ್ನು ನೋಡಲು ನನ್ನಿಂದಾಗಲಿಲ್ಲ.

ಸೋಮವಾರ ಅವರು ಅಂಗಡಿಯಿಂದ ಬಂದಾಗ ಬೆನ್ನ ಹಿಂದೆ ಏನನ್ನೋ ಬಚ್ಚಿಟ್ಟುಕೊಂಡಿದ್ದರು. ಊದುಬತ್ತಿಯ ಕಟ್ಟು.

"ಹದಿನೆಂಟು ವರ್ಷ ಕಾಯಿಸಿದೆ ನಿನ್ನ. ಇನ್ನು ನನಗೇನು ತೊಂದರೆ? ನಾಳೆ ಬೆಳಿಗ್ಗೆ ನಾನೇ ಹಚ್ಚಿಕೊಡ್ತೀನಿ."

ಕಟ್ಟನ್ನು ಮೂಗಿಗೆ ಹಿಡಿದೆ. ಕಾಗದದ ಮೇಲಿಂದಲೇ ಮಲ್ಲಿಗೆ ತಲೆಗೇರಿತು. ಕಣ್ಣು ತುಂಬಿ ಬಂತು. ಇನ್ನೊಂದು ಸಲ ಮೂಸಿದೆ. ಮತ್ತೊಂದು ಸಲ. ಆಮೇಲೆ ಅದನ್ನು ಅವರ ಕೈಗೇ ಹಿಂದಿರುಗಿಸಿದೆ.

"ಬೇಡ ರೀ. ನಾಳೆ ಹತ್ತು ಗಂಟೆಗೆ ಎಂಟು ಬಾಟಲಿ ಬರ್ತಾವೆ. ದೇವರು ಕ್ಷಮಿಸ್ತಾನೆ."